ಮೂರು ಆರ್ಭಟ, ಒಂದು ಮಾತು

ಚಿತ್ರ ನೋಡಲು ಮನೆ ಬಿಟ್ಟು ಹೊರಡಲೇಬೇಕಾದ ಕಾಲ ಈಗಿಲ್ಲ; ಕುಳಿತಲ್ಲಿಗೇ ಚಿತ್ರ ಬರುತ್ತದೆ. ಎಂಬತ್ತು ದಾಟಿದ ನನ್ನ ತಾಯಿಯವರಿಗೆ ಇದೊಂದು ದೊಡ್ಡ ಉಪಕಾರ. ೧೯೫೪ರಲ್ಲಿ 'ಬೇಡರ ಕಣ್ಣಪ್ಪ' ತೆರೆ ಕಂಡಾಗ ಅವರು ಲಂಗ ತೊಟ್ಟ ಹುಡುಗಿ. ಗಾಡಿ ಕಟ್ಟಿಸಿಕೊಂಡು ಹೋಗಿ ನೋಡಿ ಬಂದುದನ್ನು ಇಂದಿಗೂ ಹೇಳುತ್ತಾರೆ. ಈಗ ಮಂಡಿನೋವು ಚಿತ್ರಮಂದಿರದ ಮೆಟ್ಟಿಲು ಹತ್ತಗೊಡದು. ಕಿವಿಯೂ ಕೊಂಚ ಮಂದ. ಮಳೆ ಹಿಡಿದ ನಾಲ್ಕು ಭಾನುವಾರಗಳಲ್ಲಿ ಅವರ ಪಕ್ಕದಲ್ಲಿ ಕುಳಿತು ನಾಲ್ಕು ಕನ್ನಡ ಚಿತ್ರಗಳನ್ನು ನೋಡಿದೆ. ಅದರ ಲೆಕ್ಕವನ್ನು ವಾಚಕರಿಗೆ ಒಪ್ಪಿಸುವುದು ಈ ವಾರದ ಕೆಲಸ.

ಮೊದಲನೆಯದು ೨೦೨೩ರ 'ಕಬ್ಜ'. ನಿರ್ದೇಶಕರು ಆರ್. ಚಂದ್ರು, ನಾಯಕರು ಉಪೇಂದ್ರ. ಸುದೀಪ್ ಮತ್ತು ಶಿವರಾಜಕುಮಾರ್ ಅವರೂ ಇದ್ದಾರೆ. ಸ್ವಾತಂತ್ರ್ಯ ಹೋರಾಟಗಾರನ ಮಗ ಪಾತಕಲೋಕದ ಒಡೆಯನಾಗುವ ಕಥೆ. ತಂದೆಯ ತ್ಯಾಗ ಮಗನ ಕೈಯಲ್ಲಿ ರಕ್ತವಾಗುವುದು ಸಣ್ಣ ಸಂಗತಿಯೆ? ಆದರೆ ಚಿತ್ರದ ಕಣ್ಣು ಆ ನೋವಿಗಿಂತ ಹೆಚ್ಚಾಗಿ ೨೦೧೮ರ 'ಕೆ.ಜಿ.ಎಫ್.' ಗಳಿಸಿದ ಯಶಸ್ಸಿನ ಮೇಲೆ ನೆಟ್ಟಂತಿದೆ. ಅದೇ ಮಸಿ ಬಳಿದ ಬಣ್ಣ, ಅದೇ ಹಿನ್ನೆಲೆಯ ನಿರೂಪಣೆ, ಅದೇ ಗುಡುಗು. ಕೊನೆಗೆ ಕಥೆಯಾದರೂ ಮುಗಿಯಿತೆ ಎಂದರೆ, ಮುಂದಿನ ಭಾಗದ ಆಶ್ವಾಸನೆ! ವಾರಪತ್ರಿಕೆಯ ಧಾರಾವಾಹಿಯೂ ಒಂದಿಷ್ಟು ಕಥೆಯನ್ನು ಕೊಟ್ಟ ಮೇಲೆಯೇ 'ಮುಂದುವರಿಯುವುದು' ಎನ್ನುತ್ತದೆ.

ಎರಡನೆಯದು ೨೦೨೪ರ 'ಮಾರ್ಟಿನ್'. ಎ.ಪಿ. ಅರ್ಜುನ್ ನಿರ್ದೇಶನ, ಧ್ರುವ ಸರ್ಜಾ ಅವರದು ದ್ವಿಪಾತ್ರ. ಪಾಕಿಸ್ತಾನದಲ್ಲಿ ಸೆರೆಸಿಕ್ಕ ಭಾರತೀಯನೊಬ್ಬನಿಗೆ ತಾನು ಯಾರೆಂಬುದೇ ಮರೆತುಹೋಗಿದೆ. ಆ ಒಂದು ಪ್ರಶ್ನೆಯ ಮೇಲೆಯೇ ಚಿತ್ರವನ್ನು ಕಟ್ಟಬಹುದಾಗಿತ್ತು. ಇಲ್ಲಿ ನೆನಪು ಹೋಗಿದೆಯೇ ಹೊರತು ತೋಳ್ಬಲ ಹೋಗಿಲ್ಲ.

"ಇವನ್ಯಾರೋ? ಯಾಕೆ ಹೀಗೆ ಎಲ್ಲರನ್ನೂ ಹೊಡೀತಿದಾನೆ?" ಎಂದು ಅಮ್ಮ ಕೇಳಿದರು.

"ಅದು ಅವನಿಗೂ ಗೊತ್ತಿಲ್ಲಮ್ಮ" ಎಂದೆ.

ಅವರು ಎದ್ದು ದೇವರಿಗೆ ದೀಪ ಹಚ್ಚಲು ಹೋದರು, ಮತ್ತೆ ಬರಲಿಲ್ಲ.

ಮೂರನೆಯದು ಅದೇ ವರ್ಷದ 'ಯುಐ'. ೨೦೧೫ರ 'ಉಪ್ಪಿ ೨' ಆದ ಮೇಲೆ ಉಪೇಂದ್ರರು ಮತ್ತೆ ನಿರ್ದೇಶನಕ್ಕೆ ಕೈಯಿಟ್ಟ ಚಿತ್ರ. ಇದನ್ನು ಅನುಕರಣೆ ಎಂದು ದೂರುವಂತಿಲ್ಲ. ಹೀಗೆ ಯೋಚಿಸುವವರು ಅವರೊಬ್ಬರೇ. ಸಮಾಜದ ಮೌಢ್ಯವನ್ನು ಅಣಕಿಸುವ ಧೈರ್ಯಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ೧೯೯೫ರ 'ಓಂ' ಚಿತ್ರದಲ್ಲಿ ಇದೇ ನಿರ್ದೇಶಕರು ಮನುಷ್ಯರ ಮೂಲಕ ಮಾತನಾಡಿದ್ದರು. ಇಲ್ಲಿ ಸಂಕೇತಗಳೇ ಪರಸ್ಪರ ಮಾತನಾಡುತ್ತವೆ. ಚಿತ್ರದೊಳಗಿನ ವಿಮರ್ಶಕನೊಬ್ಬ ತಾನು ನೋಡಿದ ಚಿತ್ರದ ಬಗ್ಗೆ ಬರೆಯಲಾರದೆ ಪರದಾಡುತ್ತಾನೆ. ಆ ಬಡಪಾಯಿಯ ಮೇಲೆ ನನಗೆ ಹುಟ್ಟಿದ ಮರುಕ ಬೇರೆ ಯಾವ ಪಾತ್ರದ ಮೇಲೂ ಹುಟ್ಟಲಿಲ್ಲ.

ನಾಲ್ಕನೆಯ ಭಾನುವಾರ ಅಳುಕುತ್ತಲೇ ಹಾಕಿದ್ದು ೨೦೨೪ರ 'ಶಾಖಾಹಾರಿ'. ಸಂದೀಪ್ ಸುಂಕದ್ ನಿರ್ದೇಶನ. ಮಲೆನಾಡಿನ ಊರೊಂದರಲ್ಲಿ ಸಸ್ಯಾಹಾರದ ಪುಟ್ಟ ಹೋಟೆಲು ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು. ಪೋಲೀಸು ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ. ಪೋಲೀಸರು ಹುಡುಕುತ್ತಿರುವ ಗಾಯಾಳುವೊಬ್ಬ ಸುಬ್ಬಣ್ಣನ ಮನೆ ಸೇರುತ್ತಾನೆ. ಮುಂದಿನದನ್ನು ಹೇಳುವುದು ನೋಡದವರಿಗೆ ಮಾಡುವ ದ್ರೋಹ. ಕೆಲವು ಸನ್ನಿವೇಶಗಳು ಇನ್ನಷ್ಟು ಬಿಗಿಯಾಗಬಹುದಿತ್ತು, ನಿಜ. ಆದರೂ ಒಳ್ಳೆಯವನೊಬ್ಬ ಕರುಣೆಯ ಬಾಗಿಲಿನಿಂದಲೇ ಭಯಾನಕವಾದುದರೊಳಗೆ ಕಾಲಿಡುವುದನ್ನು ಕಂಡಾಗ ಎದೆ ಬಡಿದುಕೊಳ್ಳುತ್ತದೆ. ಅಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಾತು ಮಾತಾಗಿಯೇ ಕೇಳಿಸುತ್ತಿತ್ತು.

ಹಣದ ಕೊರತೆಯಿಂದ ಮೊದಲ ಎರಡು ಚಿತ್ರಗಳು ಸೋಲಲಿಲ್ಲ. ಹಲವು ಭಾಷೆಗಳ ಪ್ರೇಕ್ಷಕರನ್ನು ಏಕಕಾಲಕ್ಕೆ ಒಲಿಸಿಕೊಳ್ಳುವ ಆಸೆಯಲ್ಲಿ ಕಥೆ ತನ್ನ ಊರನ್ನು ಕಳೆದುಕೊಳ್ಳುತ್ತದೆ. ಊರಿಲ್ಲದವನಿಗೆ ನುಡಿಯೂ ಇಲ್ಲ, ನೆರೆಯೂ ಇಲ್ಲ. ಉಳಿಯುವುದು ಮುಷ್ಟಿ ಮಾತ್ರ. ಚಿಕ್ಕ ಚಿತ್ರಗಳು ಓಡುವುದಿಲ್ಲವೆಂದು ವ್ಯಾಪಾರಸ್ಥರು ವಾದಿಸಬಹುದು. ಕರಾವಳಿಯ ಹಳ್ಳಿಯೊಂದರಲ್ಲಿ ಹಬ್ಬಿದ ದೆವ್ವದ ಗುಲ್ಲನ್ನು ಹೇಳಿಯೇ 'ಸು ಫ್ರಮ್ ಸೋ' ೨೦೨೫ರಲ್ಲಿ ಚಿತ್ರಮಂದಿರಗಳನ್ನು ತುಂಬಿಸಿತೆಂಬುದನ್ನು ಅವರು ನೆನೆಯುವುದು ಲೇಸು.

ಮರುದಿನ ಕಾಫಿಯ ಲೋಟ ಕೊಡುತ್ತ ಅಮ್ಮ ಕೇಳಿದರು: "ಆ ಹೋಟೆಲಿನ ಸುಬ್ಬಣ್ಣ ಹಾಗೆ ಮಾಡಬಾರದಿತ್ತು, ಅಲ್ವೇನೋ?"

ರಾತ್ರಿಯೆಲ್ಲ ಅವರು ಆತನನ್ನು ಕುರಿತೇ ಚಿಂತಿಸಿದ್ದರೆಂದು ತೋರಿತು. ಉಳಿದ ಮೂವರು ನಾಯಕರ ಹೆಸರನ್ನು ಅವರು ಎತ್ತಲೇ ಇಲ್ಲ.