ಬಂದೂಕಿನ ಪರವಾನಗಿ ಮತ್ತು ನಾಗರಿಕರ ಹೊಣೆ

ಆರೋಗ್ಯವೆಂದರೆ ಕೇವಲ ರೋಗವಿಲ್ಲದಿರುವಿಕೆಯಲ್ಲ. ಮನೆಯಿಂದ ಹೊರಟ ಮಗುವು ಸಂಜೆ ಕ್ಷೇಮವಾಗಿ ಮರಳುವುದೆಂಬ ಭರವಸೆಯೂ ಅದರಲ್ಲಿ ಅಡಕವಾಗಿದೆ. ಸಿಡುಬನ್ನು ದೇವಿ ಹಾಕಿಸಿ ತಡೆದಂತೆ, ಕಾಲರಾವನ್ನು ನೀರು ಕಾಯಿಸಿ ತಡೆದಂತೆ, ಬಂದೂಕಿನಿಂದಾಗುವ ಸಾವನ್ನೂ ತಡೆಯಲು ಸಾಧ್ಯವೇ? ಸಾಧ್ಯವೆಂಬುದಕ್ಕೆ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಸಣ್ಣ ಊರಿನ ವೃತ್ತಾಂತವು ನಿದರ್ಶನವಾಗಿದೆ.

1996ನೆಯ ಇಸವಿ ಮಾರ್ಚ್ 13ರ ಬೆಳಿಗ್ಗೆ ಅಲ್ಲಿಯ ಪ್ರಾಥಮಿಕ ಶಾಲೆಯ ವ್ಯಾಯಾಮಮಂದಿರಕ್ಕೆ ನುಗ್ಗಿದ ಒಬ್ಬ ವ್ಯಕ್ತಿಯು ಕೆಲವೇ ನಿಮಿಷಗಳಲ್ಲಿ ಐದಾರು ವರ್ಷದ 16 ಮಕ್ಕಳನ್ನೂ ಅವರ ಉಪಾಧ್ಯಾಯಿನಿಯನ್ನೂ ಕೊಂದು, ತಾನೂ ಗುಂಡಿಕ್ಕಿಕೊಂಡು ಸತ್ತನು. ಅವನು ತಂದಿದ್ದ ನಾಲ್ಕು ಕೈಬಂದೂಕುಗಳಲ್ಲಿ ಒಂದೂ ಕಳ್ಳಮಾಲಾಗಿರಲಿಲ್ಲ, ಎಲ್ಲಕ್ಕೂ ಪರವಾನಗಿಯಿತ್ತು. ಇಂಥವನ ಕೈಯಲ್ಲಿ ಬಂದೂಕು ಇರಕೂಡದೆಂದು ಪೊಲೀಸ್ ಅಧಿಕಾರಿಯೊಬ್ಬರು 1991ರಲ್ಲಿಯೇ ಮೇಲಧಿಕಾರಿಗಳಿಗೆ ಬರೆದಿದ್ದರು. ಆ ಟಿಪ್ಪಣಿಯು ಕಡತದಲ್ಲಿ ಉಳಿಯಿತು, ಪರವಾನಗಿಯು ನವೀಕರಣಗೊಂಡಿತು. ಕಚೇರಿಗಳಲ್ಲಿ ದುಡಿಯುವ ಯಾರನ್ನಾದರೂ ನಡುಗಿಸಬೇಕಾದ ಸಂಗತಿಯಿದು. ಸಾಲದ ಖಾತೆಯನ್ನು ನವೀಕರಿಸುವಾಗ ಆಧಾರವನ್ನು ಪರೀಕ್ಷಿಸದೆ ರುಜು ಹಾಕಿದರೆ ಹಣ ಮುಳುಗೀತು. ಇಲ್ಲಿ ಮುಳುಗಿದ್ದು ಹಸುಳೆಗಳ ಪ್ರಾಣ.

ಶೋಕದಲ್ಲಿದ್ದ ಊರು ಕಣ್ಣೀರಿಡುವುದರಲ್ಲಿಯೇ ತೃಪ್ತಿ ಪಡಲಿಲ್ಲ. ಆನ್ ಪಿಯರ್‌ಸ್ಟನ್ ಮತ್ತು ಅವರ ಕೆಲವು ಗೆಳತಿಯರು ಖಾಸಗಿಯವರು ಕೈಬಂದೂಕು ಇಟ್ಟುಕೊಳ್ಳುವುದನ್ನು ನಿಷೇಧಿಸಬೇಕೆಂದು ಮನವಿಪತ್ರವೊಂದನ್ನು ಸಿದ್ಧಪಡಿಸಿದರು. ಮಾರ್ಚ್ ತಿಂಗಳ ಚಳಿಯಲ್ಲಿ ಅಲ್ಲಿ ಅರಳುವ ಪುಟ್ಟ ಬಿಳಿಯ ಹೂವು ಸ್ನೋಡ್ರಾಪ್. ಅದರ ಹೆಸರೇ ಚಳವಳಿಗೆ ಬಂದಿತು. ಇವರು ರಾಜಕಾರಣಿಗಳಲ್ಲ. ಬೀದಿಯಲ್ಲಿ ಮೇಜು ಹಾಕಿ ಒಂದೊಂದೇ ಸಹಿಯನ್ನು ಕೂಡಿಸಿದರು. ಕೆಲವೇ ತಿಂಗಳುಗಳಲ್ಲಿ ಏಳು ಲಕ್ಷಕ್ಕೂ ಮಿಗಿಲಾದ ಸಹಿಗಳು ಸಂಗ್ರಹವಾದುವು. ವಿಚಾರಣೆ ನಡೆಸಿದ ಲಾರ್ಡ್ ಕಲನ್ ಅವರ ವರದಿಯು ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಿದ್ದಿತು. ಸರ್ಕಾರವು ಆ ವರದಿಯ ಶಿಫಾರಸನ್ನೂ ಮೀರಿ ಮುನ್ನಡೆಯಬೇಕಾಯಿತು. ಜನತೆಯ ಒತ್ತಾಯ ಅಷ್ಟು ಪ್ರಬಲವಾಗಿತ್ತು. 1997ರಲ್ಲಿ ಒಂದು ಪಕ್ಷದ ಸರ್ಕಾರ ಪಾಯಿಂಟ್ 22ರ ಸಣ್ಣ ಪಿಸ್ತೂಲುಗಳನ್ನು ಬಿಟ್ಟು ಉಳಿದ ಕೈಬಂದೂಕುಗಳನ್ನು ನಿಷೇಧಿಸಿತು. ಚುನಾವಣೆಯ ಅನಂತರ ಬಂದ ಇನ್ನೊಂದು ಪಕ್ಷದ ಸರ್ಕಾರ ಅದೇ ವರ್ಷ ಅವನ್ನೂ ನಿಷೇಧಿಸಿತು. ಸುಮಾರು 1,62,000 ಕೈಬಂದೂಕುಗಳನ್ನು ಜನರು ಒಪ್ಪಿಸಿದರು. ಬೊಕ್ಕಸದಿಂದ ಪರಿಹಾರ ದೊರೆಯಿತು.

ವಿರೋಧವೂ ಇಲ್ಲದಿರಲಿಲ್ಲ. ಗುರಿ ಹೊಡೆಯುವ ಕ್ರೀಡಾಪಟುಗಳು ತಮ್ಮದೇನು ತಪ್ಪೆಂದು ಕೇಳಿದರು. ಅವರ ನೋವಿನಲ್ಲಿ ಹುರುಳಿತ್ತು. ಕಳ್ಳಬಂದೂಕುಗಳಿಗೆ ಕಾನೂನು ಏನು ಮಾಡೀತೆಂದು ಕೇಳಿದವರೂ ಇದ್ದರು. ನಿಷೇಧದ ಅನಂತರದ ಕೆಲವು ವರ್ಷ ಕೈಬಂದೂಕಿನ ಅಪರಾಧಗಳು ಏರಿದ್ದೂ ನಿಜ. ಆದರೆ ಡನ್‌ಬ್ಲೇನ್‌ನಂಥ ಹತ್ಯಾಕಾಂಡ ಬ್ರಿಟನ್ನಿನ ಯಾವ ಶಾಲೆಯಲ್ಲಿಯೂ ಮರುಕಳಿಸಿಲ್ಲವೆಂಬುದು ಅದಕ್ಕಿಂತ ದೊಡ್ಡ ನಿಜ. ಹಾಗೆಂದು ಕಾನೂನೊಂದೇ ಸಾಲದು. 2021ರ ಆಗಸ್ಟಿನಲ್ಲಿ ಪ್ಲಿಮತ್ ನಗರದಲ್ಲಿ ಐವರನ್ನು ಕೊಂದವನ ಬಂದೂಕನ್ನು ಪೊಲೀಸರು ಮೊದಲೇ ವಶಪಡಿಸಿಕೊಂಡಿದ್ದು, ಕೃತ್ಯಕ್ಕೆ ಕೆಲವೇ ವಾರಗಳ ಹಿಂದೆ ಹಿಂದಿರುಗಿಸಿದ್ದರು. ಕಡತವನ್ನು ಓದುವ ಕಣ್ಣು ಎಚ್ಚರವಾಗಿರದಿದ್ದರೆ ಕಾನೂನಿನ ಪುಸ್ತಕವೂ ನಿದ್ರಿಸುತ್ತದೆ.

ಅಮೆರಿಕದ ದಾರಿ ಇನ್ನೂ ಕಡಿದು. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಹಿರಿಯರೂ ಹತರಾದಾಗ, ಶಾನನ್ ವಾಟ್ಸ್ ಎಂಬ ಗೃಹಿಣಿಯು ತಾಯಂದಿರ ಸಂಘಟನೆಯನ್ನು ಕಟ್ಟಿದರು. ಒಕ್ಕೂಟ ಸರ್ಕಾರದ ಮಟ್ಟದಲ್ಲಿ ಗಣನೀಯವಾದ ಕಾನೂನು ಬರಲು 2022ರ ಜೂನ್ ತನಕ ಕಾಯಬೇಕಾಯಿತು. ಆ ದೇಶದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆತ್ಮಹತ್ಯೆ ಮಾಡಿಕೊಂಡವರು. ಈ ಅಂಕಿಯೇ ಬಂದೂಕನ್ನು ವೈದ್ಯರ ವಿಷಯವನ್ನಾಗಿಸಿದೆ. ಕ್ಷಣಿಕವಾದ ಹತಾಶೆಯು ಕಳೆದುಹೋಗಲು ಅವಕಾಶ ಬೇಕು; ಬೀಗ ಹಾಕಿದ ಪೆಟ್ಟಿಗೆ, ಬೇರೆಡೆ ಇಟ್ಟ ಮದ್ದುಗುಂಡು ಆ ಅವಕಾಶವನ್ನು ಕೊಡುತ್ತವೆ. ಮಕ್ಕಳು, ಮೊಮ್ಮಕ್ಕಳು ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ನಮ್ಮ ನಗರಗಳಲ್ಲಿ ಎಷ್ಟಿಲ್ಲ? ಮಗು ಆಡಲು ಹೋಗುವ ಮನೆಯಲ್ಲಿ ಬಂದೂಕಿದೆಯೇ, ಇದ್ದರೆ ಬೀಗದೊಳಗಿದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸುವಂತೆ ಅವರಿಗೆ ತಿಳಿಸುವುದು ಅಜ್ಜ ಅಜ್ಜಿಯರ ಕರ್ತವ್ಯವೇ ಸರಿ.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಅಧಿನಿಯಮವು ಬಿಗಿಯಾದದ್ದೇ. 2019ರ ತಿದ್ದುಪಡಿಯು ಒಬ್ಬನು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪ್ರಾಣಕ್ಕೆ ಅಪಾಯ ತರುವ ಹರ್ಷೋತ್ಸವದ ಗುಂಡಿಗೆ ಎರಡು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಿತು. ಉತ್ತರ ಭಾರತದ ಮದುವೆಯ ದಿಬ್ಬಣಗಳಲ್ಲಿ ಗಾಳಿಗೆ ಹಾರಿಸಿದ ಗುಂಡು ನೆಂಟರನ್ನೇ ಬಲಿ ತೆಗೆದುಕೊಂಡ ಸುದ್ದಿಯನ್ನು ದೆಹಲಿಯ ಕನ್ನಡಿಗರು ಅರಿಯದವರಲ್ಲ. ಕೊಡಗಿನಲ್ಲಿ ಕೋವಿಯು ಸಂಸ್ಕೃತಿಯ ಅಂಗ. ಕೈಲ್ ಮುಹೂರ್ತದಂದು ಅದಕ್ಕೆ ಪೂಜೆ ಸಲ್ಲುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಪೂಜಿಸುವ ಆಯುಧವನ್ನು ಆಟಕ್ಕೆ ಬಳಸಲಾಗದೆಂಬ ಭಾವನೆಯೇ ಅಂಥ ವಿಶ್ವಾಸಕ್ಕೆ ಅರ್ಹವಾದ ಉತ್ತರ.

ಪರವಾನಗಿಯೆಂಬುದು ಹಕ್ಕಲ್ಲ, ಸಮಾಜವು ಒಬ್ಬನಲ್ಲಿಟ್ಟ ಠೇವಣಿ. ಅದನ್ನು ಕೊಡುವಾಗ ವಿಚಾರಿಸುವ, ಸಂದೇಹ ಬಂದಾಗ ಹಿಂತೆಗೆದುಕೊಳ್ಳುವ ಅಧಿಕಾರ ಸಮಾಜಕ್ಕಿದೆ. ಮದುವೆಯ ಚಪ್ಪರದಲ್ಲಿ ಬಂದೂಕು ಕಂಡಾಗ ಹಿರಿಯನೊಬ್ಬನು ಬೇಡವೆಂದು ಗದರಿದರೆ, ನೆರೆಯವನ ನಡತೆಯ ಬಗ್ಗೆ ಪೊಲೀಸರು ವಿಚಾರಿಸಿದಾಗ ನಾಗರಿಕನು ದಾಕ್ಷಿಣ್ಯವಿಲ್ಲದೆ ಇದ್ದದ್ದನ್ನು ಹೇಳಿದರೆ, ಅದೂ ಒಂದು ಸಹಿಯೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದಂತೆ, ಡನ್‌ಬ್ಲೇನ್ ತನ್ನ ಸಹಿಗಳನ್ನು ಮಕ್ಕಳನ್ನು ಕಳೆದುಕೊಂಡ ಮೇಲೆ ಹಾಕಬೇಕಾಯಿತು. ಇತರರಿಗೆ ಮುಂಚೆಯೇ ಹಾಕುವ ಭಾಗ್ಯವಿದೆ. ಅದನ್ನು ಕಳೆದುಕೊಳ್ಳದಿರುವುದೇ ವಿವೇಕ.