ಮೀಸೆಯ ಲಿಂಗವೂ ಬೆನ್ನಿನ ನೋವೂ

ಹಿಂದಿ ಕಲಿತವರೆಲ್ಲರೂ ‘ಶರೀರ್ ಕೇ ಅಂಗ್’ ಎಂಬ ಪಟ್ಟಿಯನ್ನು ಒಮ್ಮೆಯಾದರೂ ಬಾಯಿಪಾಠ ಮಾಡಿದವರೇ. ಶಬ್ದಗಳು ಸುಲಭ, ಕಷ್ಟವಿರುವುದು ಅವುಗಳ ಲಿಂಗದಲ್ಲಿ. ಕನ್ನಡದಲ್ಲಿ ಅಂಗಗಳೆಲ್ಲ ನಪುಂಸಕಲಿಂಗದಲ್ಲಿ ಸುಖವಾಗಿರುವಾಗ, ಹಿಂದಿಯಲ್ಲಿ ಕಿವಿ ಗಂಡು, ಮೂಗು ಹೆಣ್ಣು. ಹಲ್ಲು ಗಂಡು, ಅದರ ನೆರೆಯ ನಾಲಗೆ ಹೆಣ್ಣು. ಗಂಡಸಿನ ಮೀಸೆಯೂ ಅಲ್ಲಿ ಸ್ತ್ರೀಲಿಂಗ! ತರಗತಿಯ ಸಮಯವೂ ಪರೀಕ್ಷೆಯ ಅಂಕಗಳೂ ಬಹುಮಟ್ಟಿಗೆ ಇಲ್ಲಿಯೇ ಕಳೆದುಹೋಗುತ್ತವೆ. ಈ ಪಾಠವನ್ನು ಲಿಂಗದಿಂದಲ್ಲ, ನೋವಿನಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

ಕಾರಣವುಂಟು. ಪುತ್ತೂರು, ಸುಳ್ಯ, ಕಡಬಗಳಲ್ಲಿ ಕಟ್ಟಡದ ಕೆಲಸಕ್ಕೆ, ಹೋಟೆಲಿನ ಕೆಲಸಕ್ಕೆ ಉತ್ತರದಿಂದ ಬಂದ ಕೂಲಿಕಾರರನ್ನು ಇಂದು ಕಾಣುತ್ತೇವಷ್ಟೆ. ಅವರಲ್ಲಿ ಕೆಲವರ ಮನೆಮಾತು ಬಂಗಾಳಿಯೋ ಒಡಿಯಾವೋ ಇದ್ದೀತು. ಆದರೂ ಔಷಧದ ಅಂಗಡಿಯಲ್ಲಿ ಅವರಿಗೂ ನಮಗೂ ನಡುವೆ ಸೇತುವೆಯಾಗುವುದು ನಾಲ್ಕು ಹಿಂದಿ ಶಬ್ದಗಳೇ. ‘ಪೇಟ್’ ಎಂದರೆ ಹೊಟ್ಟೆ, ‘ಪೀಠ್’ ಎಂದರೆ ಬೆನ್ನು. ನಮ್ಮ ಕಿವಿಗೆ ಒಂದು ಪೇಟೆ, ಇನ್ನೊಂದು ಮಠದ ಪೀಠ. ‘ಗಲಾ’ ಗಂಟಲು, ‘ಗಾಲ್’ ಕೆನ್ನೆ. ‘ಪೈರ್ ಮೇ ದರ್ದ್’ ಎಂದರೆ ಪೈರಿಗೆ ರೋಗ ತಗಲಿತೆಂದಲ್ಲ, ಕಾಲುನೋವು. ಬೆನ್ನುನೋವಿನವನಿಗೆ ಹೊಟ್ಟೆಯ ಗುಳಿಗೆ ಕೊಡಲು ಒಂದು ಸ್ವರ ತಪ್ಪಿದರೆ ಸಾಕು.

ಸಂಸ್ಕೃತ ಬಲ್ಲವನಿಗೆ ಇದೇನು ಮಹಾ ಎನ್ನುವವರಿದ್ದಾರೆ. ದಂತದಿಂದ ದಾಂತ್, ಹಸ್ತದಿಂದ ಹಾಥ್, ಕರ್ಣದಿಂದ ಕಾನ್ ಬಂದುದು ನಿಜ. ಆದರೆ ಸಂಸ್ಕೃತದ ಜಂಘೆ ಮೊಣಕಾಲಿನ ಕೆಳಗಿನದು. ಹಿಂದಿಯ ‘ಜಾಂಘ್’ ತೊಡೆ. ನೋವು ಒಂದು ಗೇಣು ಮೇಲಕ್ಕೇರಿಬಿಡುತ್ತದೆ! ಅದಕ್ಕಿಂತ ನಮ್ಮೂರ ಕೊಂಕಣಿಯೇ ಹತ್ತಿರ. ಕಾನ್, ಹಾತ್, ದಾಂತ್, ಜೀಬ್ ಎಂಬವನ್ನು ಕೊಂಕಣಿ ಮನೆಯ ಸಹಪಾಠಿಗಳು ತೊಟ್ಟಿಲಲ್ಲೇ ಕಲಿತು ಬಂದಿರುತ್ತಾರೆ. ಅವರನ್ನು ಮುಂದೆ ನಿಲ್ಲಿಸಿ, ತುಳು, ಅರೆಭಾಷೆ, ಬ್ಯಾರಿ ಮನೆಗಳವರಿಗೆ ಪಾಠ ಹೇಳಿಸುವ ಅಧ್ಯಾಪಕರು ಎಷ್ಟು ಮಂದಿ?

ಇದನ್ನು ಹಿಂದಿ ಹೇರಿಕೆಯ ಸಮರ್ಥನೆಯೆಂದು ತಿಳಿಯಬಾರದು. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದಾಗ, 1938ರಲ್ಲಿ, ರಾಜಾಜಿಯವರ ಸರಕಾರ ಪ್ರಾಂತದ ಕೆಲವು ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿತು. 1940ರಲ್ಲಿ ಅದು ರದ್ದಾಯಿತು. ಕಡ್ಡಾಯದ ಪಕ್ಷ ನನ್ನದೂ ಅಲ್ಲ. ಆದರೆ ನೋವಿನಿಂದ ಬಂದು ನಿಂತವನೊಡನೆ ಭಾಷಾನೀತಿಯ ಚರ್ಚೆ ಮಾಡಲಾಗದು. ಅಷ್ಟೇ ನ್ಯಾಯವಾಗಿ ನಮ್ಮ ಮಾತೂ ಅವನಿಗೆ ತಿಳಿಯಬೇಕು. ಕಾಂಕ್ರೀಟ್ ಯಂತ್ರದ ಬಳಿ ‘ಕೈ ತೆಗೆ’ ಎಂದು ಕೂಗಿದುದು ಅರ್ಥವಾಗದಿದ್ದರೆ ಹೋಗುವುದು ಅವನ ಬೆರಳು.

ನಮ್ಮ ಹಿಂದಿ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಇದು ಒಂದು ಮಧ್ಯಾಹ್ನದ ಕೆಲಸ. ತುಳು, ಕನ್ನಡ, ಹಿಂದಿ ಮೂರೂ ಇರುವ ಒಂದೇ ಒಂದು ಹಾಳೆ: ತರೆ, ತಲೆ, ಸಿರ್, ಬಂಜಿ, ಹೊಟ್ಟೆ, ಪೇಟ್, ಬೆರಿ, ಬೆನ್ನು, ಪೀಠ್. ಕನ್ನಡ ಲಿಪಿಯಲ್ಲಿಯೂ ನಾಗರಿಯಲ್ಲಿಯೂ ಬರೆದು ಪೇಟೆಯ ಔಷಧದ ಅಂಗಡಿಗಳಿಗೆ ಕೊಡೋಣ. ಮೀಸೆಯ ಲಿಂಗವನ್ನು ಅದರಲ್ಲಿ ಕಾಣಿಸುವ ಅಗತ್ಯವಿಲ್ಲ.