ವಂಶಾವಳಿಯಲ್ಲಿ ಇಲ್ಲದ ಹೆಸರುಗಳು

ಮಹಾರಾಷ್ಟ್ರದಲ್ಲಿ ಹಿಂದುಳಿದ ವರ್ಗದ ವಿದ್ಯಾರ್ಥಿಯೊಬ್ಬ ವೃತ್ತಿಶಿಕ್ಷಣದ ಮೀಸಲು ಸ್ಥಾನವನ್ನು ಬಯಸಿದರೆ ಜಾತಿ ಪ್ರಮಾಣಪತ್ರದ ಜೊತೆಗೆ ಅದರ ಸಿಂಧುತ್ವವನ್ನೂ ಸಾಧಿಸಿ ತೋರಿಸಬೇಕಾಗುತ್ತದೆ. 2000ದ ಕಾಯಿದೆಯನ್ವಯ ನಡೆಯುವ ಈ ಪರಿಶೀಲನೆಗೆ ಒಪ್ಪಿಸಬೇಕಾದ ಕಾಗದಗಳಲ್ಲಿ ವಂಶಾವಳಿಯೂ ಒಂದು. ತಂದೆ, ಅಜ್ಜ, ಮುತ್ತಜ್ಜ, ಅವರ ಅಣ್ಣತಮ್ಮಂದಿರು, ಅವರ ಗಂಡುಮಕ್ಕಳು ಎಂಬ ಕ್ರಮದಲ್ಲಿ ಅದು ರೆಂಬೆಯೊಡೆಯುತ್ತದೆ. ಮುಂಬ್ರಾ, ಕಲ್ಯಾಣ, ಡೊಂಬಿವಿಲಿಗಳ ಕನ್ನಡ ಮನೆಗಳಲ್ಲಿ ಮುತ್ತಜ್ಜನ ಹೆಸರನ್ನು ಮೊಟ್ಟಮೊದಲು ವಿಚಾರಿಸುವ ಸಂದರ್ಭ ಇದೇ ಆಗಿರುವುದುಂಟು. ಮನೆಯ ಹಿರಿಯರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವುದು, ಊರಿಗೆ ದೂರವಾಣಿ ಮಾಡುವುದು, ಅಜ್ಜ ಓದಿದ ಶಾಲೆಯ ದಾಖಲೆಗಾಗಿ ಒಬ್ಬರನ್ನು ಕಳುಹಿಸುವುದು, ಇವೆಲ್ಲ ಕೆಲವು ವಾರಗಳ ಕಾಲ ಭರದಿಂದ ಸಾಗುತ್ತವೆ. ಕಾಗದ ಕೈಗೆ ಬಂದೊಡನೆ ವಿಚಾರಣೆ ನಿಲ್ಲುತ್ತದೆ. ಹಿರಿಯರು ಹೇಳಲು ತೊಡಗಿದ್ದ ಕಥೆ ನಡುವೆಯೇ ಉಳಿಯುತ್ತದೆ.

ಕಚೇರಿಯ ಅಗತ್ಯವನ್ನು ಹಗುರವಾಗಿ ಕಾಣುವಂತಿಲ್ಲ. ಪರಿಶಿಷ್ಟ ಜಾತಿಗಳಿಗೆ 1950ರ ಆಗಸ್ಟ್ 10, ಪರಿಶಿಷ್ಟ ಬುಡಕಟ್ಟುಗಳಿಗೆ 1950ರ ಸೆಪ್ಟೆಂಬರ್ 6, ವಿಮುಕ್ತ ಹಾಗೂ ಅಲೆಮಾರಿ ಸಮುದಾಯಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13, ಹೀಗೆ ಒಂದೊಂದು ವರ್ಗಕ್ಕೂ ಒಂದೊಂದು ಗಡುವಿನ ದಿನವಿದೆ. ಆ ದಿನಕ್ಕೆ ಮೊದಲೇ ಕುಟುಂಬವು ಈ ರಾಜ್ಯದಲ್ಲಿ ನೆಲೆಸಿತ್ತೆ ಎಂಬುದರ ಮೇಲೆ ಮೊಮ್ಮಕ್ಕಳ ಓದು ಉದ್ಯೋಗಗಳು ನಿಂತಿರುತ್ತವೆ. ವಲಸೆಯ ಕುಟುಂಬಕ್ಕೆ ತನ್ನ ಚರಿತ್ರೆ ಹೀಗೆ ಬದುಕಿನ ಪ್ರಶ್ನೆಯೇ ಆಗಿದೆ. ಇದರಲ್ಲಿ ಇತಿಹಾಸದ ಒಂದು ವಿಪರ್ಯಾಸವೂ ಅಡಗಿದೆ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದವು. ಅದಕ್ಕೆ ಮುಂಚೆ ಅಲ್ಲಿಂದ ಹೊರಟುಬಂದವನು ಯಾವ ಗಡಿಯನ್ನೂ ದಾಟಲಿಲ್ಲ, ತನ್ನ ರಾಜ್ಯದ ರಾಜಧಾನಿಗೆ ಬಂದನು, ಅಷ್ಟೆ. ಗಡಿಯೇ ಮುಂದೆ ಅವನ ಬೆನ್ನ ಹಿಂದೆ ಬಂದು ನಿಂತಿತು. ಮೊಮ್ಮಗ ತುಂಬುವ ನಮೂನೆಯಲ್ಲಿ ಈ ಸಂಗತಿಗೆ ಸ್ಥಳವಿಲ್ಲ.

ಸ್ಥಳವಿಲ್ಲದ ಸಂಗತಿಗಳು ಇನ್ನೂ ಇವೆ. ಅಜ್ಜಿಯ ಹೆಸರು ಅಲ್ಲಿಲ್ಲ. ಅಜ್ಜ ಊರು ಬಿಟ್ಟದ್ದೇಕೆ, ಮುಂಬಯಿಯಲ್ಲಿ ಮೊದಲ ರಾತ್ರಿ ಮಲಗಿದ್ದೆಲ್ಲಿ, ಕೆಲಸ ಕೊಡಿಸಿದವರಾರು, ಊರಿನಲ್ಲುಳಿದ ಹೆಂಗಸರು ಮನೆಯನ್ನು ಹೇಗೆ ನಡೆಸಿದರು ಎಂಬುದಾವುದೂ ಅಲ್ಲಿಲ್ಲ. ಕಚೇರಿಯು ಇವನ್ನು ಕೇಳದಿರುವುದು ಸಹಜ. ಆದರೆ ಕಚೇರಿ ಕೇಳಿದಷ್ಟೇ ಕುಟುಂಬದ ಚರಿತ್ರೆ ಎಂದು ಮನೆಯವರೂ ಭಾವಿಸತೊಡಗಿದರೆ ನಷ್ಟ ದೊಡ್ಡದು. ಹೊರನಾಡಿನ ಕನ್ನಡ ಅಧ್ಯಯನವು ಕೈಗೆತ್ತಿಕೊಳ್ಳಬೇಕಾದದ್ದು ಈ ಬಿಟ್ಟುಹೋದ ಭಾಗವನ್ನೇ.

ವಂಶವನ್ನು ನೆನಪಿಡುವ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಉತ್ತರ ಕರ್ನಾಟಕದ ಹೆಳವರ ಕುಲವೃತ್ತಿಯೇ ಅದು. ಎತ್ತನ್ನೇರಿ ಒಕ್ಕಲ ಮನೆಯ ಮುಂದೆ ಬಂದು ನಿಲ್ಲುವ ಹೆಳವನು ಆ ಮನೆತನದ ಮೂಲ ಊರು, ಬೆಡಗು, ತಲೆಮಾರುಗಳ ಹೆಸರುಗಳನ್ನು ಹಾಡಿನ ಧಾಟಿಯಲ್ಲಿ ಹೇಳುತ್ತಾನೆ. ಹೊಸದಾಗಿ ಹುಟ್ಟಿದವರನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾನೆ. ಕಾಳುಕಡಿ, ಬಟ್ಟೆ, ಉಳ್ಳವರ ಮನೆಯಾದರೆ ದನಕರುಗಳನ್ನು ಪಡೆದು ಮುಂದಿನ ಊರಿಗೆ ಸಾಗುತ್ತಾನೆ. ನಾಸಿಕ, ತ್ರ್ಯಂಬಕೇಶ್ವರಗಳ ತೀರ್ಥಪುರೋಹಿತರು ಯಾತ್ರಿಕರ ಹೆಸರು, ಊರು, ತಲೆಮಾರುಗಳನ್ನು ಬರೆದಿಟ್ಟುಕೊಂಡು ಬಂದ ವಹಿಗಳೂ ಇದೇ ಬಗೆಯ ಆಕರಗಳು. ಓದುಬರಹವಿಲ್ಲದ ಮನೆಯ ಚರಿತ್ರೆಯನ್ನು ಬೇರೊಬ್ಬರು ಕಾಪಿಟ್ಟುಕೊಡುವ ಏರ್ಪಾಡು ಇದು. ಆದರೆ ಹೆಳವನು ಬರುವುದು ಒಕ್ಕಲು ನೆಲೆನಿಂತ ಊರಿಗೆ. ಮನೆ ಮುಚ್ಚಿ ಬೀಗ ಹಾಕಿ ಹೊರಟವರ, ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಸಾಗುವವರ ಜಾಡನ್ನು ಹಿಡಿಯುವುದು ಆ ಏರ್ಪಾಡಿಗೆ ಕಷ್ಟ.

ಶಾಸನ ಸಾಹಿತ್ಯವನ್ನು ಬಲ್ಲವರಿಗೆ ವಂಶಾವಳಿಯ ಇನ್ನೊಂದು ಮುಖವೂ ಗೊತ್ತು. ಬೀದರ್ ಜಿಲ್ಲೆಯ ಕಲ್ಯಾಣದಿಂದ ಆಳಿದ ಚಾಳುಕ್ಯರ ತಾಮ್ರಪಟಗಳು ಅವರ ಪೂರ್ವಿಕರನ್ನು ಅಯೋಧ್ಯೆಯ ಅರಸರೆಂದು ವರ್ಣಿಸುತ್ತವೆ. ಅಧಿಕಾರ ಗಟ್ಟಿಯಾದಂತೆಲ್ಲ ಮೂಲಪುರುಷನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿದು ಸೂರ್ಯಚಂದ್ರರನ್ನು ಮುಟ್ಟುವುದು ರಾಜಪ್ರಶಸ್ತಿಗಳ ಸಾಮಾನ್ಯ ರೀತಿ. ಇವಕ್ಕೆ ಹೋಲಿಸಿದರೆ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಂಡೆಗಲ್ಲಿನ ಶಾಸನದ ಬೆಲೆ ತಿಳಿಯುತ್ತದೆ. ಪಂಪನು ವಿಕ್ರಮಾರ್ಜುನವಿಜಯದಲ್ಲಿ ಆಶ್ರಯದಾತ ಅರಿಕೇಸರಿಯ ವಂಶವನ್ನು ಹೇಳಿದಂತೆ ತನ್ನ ವಂಶವನ್ನೂ ಹೇಳಿಕೊಂಡಿದ್ದಾನೆ. ಮಾಧವ ಸೋಮಯಾಜಿಯಿಂದ ತೊಡಗಿ ತಂದೆಯವರೆಗಿನ ಗಂಡುಸಂತತಿ ಅಲ್ಲಿ ಸಾಲಾಗಿ ಬರುತ್ತದೆ. ತಾಯಿ ಅಬ್ಬಣಬ್ಬೆ, ಆಕೆ ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳು ಎಂಬುದು ತಿಳಿದದ್ದು ತಮ್ಮ ಜಿನವಲ್ಲಭನು ಆ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಬರೆಸಿದ ಶಾಸನದಿಂದ. ಕನ್ನಡನಾಡಿನ ಒಳಗಿನ ಅಣ್ಣಿಗೆರೆಯೊಡನೆ ಪಂಪನ ಕುಟುಂಬಕ್ಕಿದ್ದ ನಂಟು ಸ್ಪಷ್ಟವಾದದ್ದು ತಾಯಿಯ ಹೆಸರಿನ ಮೂಲಕ. ಆದಿಕವಿಯ ಮನೆತನದಲ್ಲೇ ತಾಯಿಯ ಹೆಸರು ಉಳಿದುಬರಲು ತಮ್ಮನೊಬ್ಬನ ಅಕ್ಕರೆ ಬೇಕಾಯಿತೆಂದ ಮೇಲೆ ಸಾಮಾನ್ಯರ ಮನೆಗಳಲ್ಲಿ ಅಳಿದುಹೋದ ಹೆಸರುಗಳೆಷ್ಟೆಂಬುದನ್ನು ಊಹಿಸಬಹುದು.

ಈ ಹಿನ್ನೆಲೆಯಲ್ಲಿ ಮುಂಬಯಿಗೆ ಬಂದ ತುಳುನಾಡಿನ ಕುಟುಂಬಗಳ ಸ್ಥಿತಿ ವಿಶೇಷವಾಗಿ ವಿಚಾರಾರ್ಹವಾಗಿದೆ. ಅಳಿಯಸಂತಾನದ ಮನೆಗಳಲ್ಲಿ ಬಳಿ ಬರುವುದು ತಾಯಿಯಿಂದ. ಆಸ್ತಿಯ ಕಾಗದಗಳೂ ತಾಯಿಯ ಕುಟುಂಬವನ್ನೇ ಅನುಸರಿಸಿದವು. 1949ರ ಮದರಾಸು ಅಳಿಯಸಂತಾನ ಕಾಯಿದೆ ಆ ಕುಟುಂಬಗಳ ಪಾಲುಪಟ್ಟಿಗೆ ದಾರಿ ಮಾಡಿದಾಗ ಹುಟ್ಟಿದ ವಿಭಾಗಪತ್ರಗಳಲ್ಲಿ, ನ್ಯಾಯಾಲಯದ ಕಡತಗಳಲ್ಲಿ ಒಬ್ಬೊಬ್ಬ ಹೆಂಗಸಿನಿಂದ ಹೊರಟ ಕವರುಗಳು ಹೆಸರುಹೆಸರಾಗಿ ನಮೂದಾಗಿವೆ. ಅಂಥ ಮನೆಯ ಮೊಮ್ಮಗ ಇಂದು ಗಂಡುಸಂತತಿಯ ನಮೂನೆಯನ್ನು ತುಂಬಿಸುವಾಗ ತನ್ನ ಕುಟುಂಬ ಶತಮಾನಗಳ ಕಾಲ ನೆನಪಿಟ್ಟುಕೊಂಡು ಬಂದ ಸರಣಿಯನ್ನು ಬಿಟ್ಟು ಮತ್ತೊಂದು ಸರಣಿಯನ್ನು ಹೊಸದಾಗಿ ಹುಡುಕಬೇಕಾಗುತ್ತದೆ. ಎರಡು ಸರಣಿಗಳನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟ ಮನೆಗೆ ಮಾತ್ರ ತನ್ನ ಚರಿತ್ರೆ ಪೂರ್ಣವಾಗಿ ದಕ್ಕುತ್ತದೆ.

ಮುಂಬ್ರಾವನ್ನು ಇಲ್ಲಿ ಮತ್ತೆ ಮತ್ತೆ ಹೆಸರಿಸುವುದಕ್ಕೆ ಕಾರಣವಿದೆ. ಕನ್ನಡಿಗರ ನೆಲೆಯೆಂದು ಡೊಂಬಿವಿಲಿ, ಥಾಣೆಗಳಷ್ಟು ಹೆಸರಾದ ಊರು ಅದಲ್ಲ. ಆದರೆ ವಲಸೆಯೆಂಬುದರ ಅರ್ಥ ಅಲ್ಲಿ ಗೋಚರಿಸುವಷ್ಟು ಸ್ಪಷ್ಟವಾಗಿ ಬೇರೆಡೆ ಗೋಚರಿಸದು. ಒಂದು ಕಡೆ ಖಾಡಿ, ಮತ್ತೊಂದು ಕಡೆ ಮುಂಬ್ರಾದೇವಿಯ ಗುಡ್ಡ; ಇವುಗಳ ನಡುವಿನ ಇಕ್ಕಟ್ಟಿನಲ್ಲಿ 1854ರಲ್ಲಿ ಥಾಣೆಯಿಂದ ಕಲ್ಯಾಣಕ್ಕೆ ರೈಲುಹಾದಿ ಹಾಯಿತು. 1916ರಲ್ಲಿ ಪಾರಸಿಕ ಸುರಂಗ ತೆರೆಯಿತು. ಹಡಗಿನಲ್ಲಿ, ಅನಂತರ ಬಸ್ಸಿನಲ್ಲಿ ಮುಂಬಯಿಗೆ ಬರುತ್ತಿದ್ದ ಕರಾವಳಿಯವರಿಗೆ 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದುಕೊಂಡ ಮೇಲೆ ಊರಿನ ಗಾಡಿಯೂ ಈ ಗುಡ್ಡವನ್ನು ದಾಟಿ ದಿವಾದ ಬಳಿ ಪನವೇಲಿನತ್ತ ಹೊರಳತೊಡಗಿತು. 1992-93ರ ಮುಂಬಯಿ ಗಲಭೆಗಳ ಅನಂತರ ನಗರದೊಳಗಿನ ಮನೆಗಳನ್ನು ತೊರೆದ ಮುಸ್ಲಿಂ ಕುಟುಂಬಗಳು ಬಹುಸಂಖ್ಯೆಯಲ್ಲಿ ಮುಂಬ್ರಾ ಕೌಸಾಗಳಲ್ಲಿ ನೆಲೆಸಿದವು. ಮೊದಲ ವಲಸೆ ಹೊಟ್ಟೆಪಾಡಿಗಾಗಿ ನಡೆದದ್ದು, ಎರಡನೆಯದು ಜೀವಭಯದಿಂದ. ಎರಡನ್ನೂ ಕಂಡ ಮನೆಯಲ್ಲಿ ಹಳೆಯ ಕಾಗದಗಳು ಉಳಿದಿದ್ದರೆ ಅದೇ ಭಾಗ್ಯ. 2005ರ ಜುಲೈ 26ರ ಮಹಾಮಳೆಯಲ್ಲಿ ಕಲ್ಯಾಣ, ಡೊಂಬಿವಿಲಿ ಪರಿಸರದ ತಗ್ಗುಮನೆಗಳಿಗೆ ನುಗ್ಗಿದ ನೀರು ಟ್ರಂಕುಗಳ ಒಳಗಿನ ರೇಷನ್ ಕಾರ್ಡು, ಶಾಲೆಯ ದಾಖಲೆ, ಛಾಯಾಚಿತ್ರಗಳನ್ನೂ ಬಿಡಲಿಲ್ಲ. ಬಾಡಿಗೆಯವರ ಚರಿತ್ರೆ ನೆಲಮಾಳಿಗೆಯ ಮಳೆನೀರಿಗೂ ಅಂಜಬೇಕಾದ ಚರಿತ್ರೆ.

ಇಲ್ಲಿ ಕನ್ನಡ ಅಧ್ಯಯನಕ್ಕೆ ಒಂದು ತೊಡಕು ಎದುರಾಗುತ್ತದೆ. ಕುಟುಂಬದ ಕಾಗದಗಳು ಕನ್ನಡದಲ್ಲೇ ಇರುತ್ತವೆ ಎನ್ನುವಂತಿಲ್ಲ. ಕಲಬುರ್ಗಿ, ಬೀದರ್, ರಾಯಚೂರು ಕಡೆಯ ಮನೆಗಳ ಹಳೆಯ ದಾಖಲೆಗಳು ಹೈದರಾಬಾದ್ ಸಂಸ್ಥಾನದ ಆಡಳಿತಭಾಷೆಯಾಗಿದ್ದ ಉರ್ದುವಿನಲ್ಲಿರುವುದು ಸಹಜ. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿ ಕಾಣಸಿಗುತ್ತದೆ. ಕರಾವಳಿಯವರ ಪತ್ರಗಳು ಕನ್ನಡದಲ್ಲಿದ್ದರೂ ಕಥೆಗಳು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿರುತ್ತವೆ. ಕೇಳುವ ಮೊಮ್ಮಕ್ಕಳು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಓದಿದವರು. ಕನ್ನಡವನ್ನು ಓದಲಾರದ ಮಕ್ಕಳಿಗೆ ಹಿರಿಯರ ಕಥೆಯನ್ನು ಹೇಳಿ ಫಲವೇನು ಎಂಬ ನಿರಾಶೆ ಕೇಳಿಬರುವುದುಂಟು. ಇದು ಸರಿಯಲ್ಲ. ಕಥೆ ಮಗುವಿಗೆ ತಿಳಿಯುವ ಭಾಷೆಯಲ್ಲಿ ಮೊದಲು ತಲುಪಲಿ. ಅದರೊಳಗಿನ ಊರ ಹೆಸರು, ಗದ್ದೆಯ ಹೆಸರು, ನಂಟಿನ ಪದ, ಅಡುಗೆಯ ಪದ ಮಾತ್ರ ಮೂಲರೂಪದಲ್ಲೇ ಉಳಿಯಲಿ. ಅಜ್ಜಿಯನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ಬಲ್ಲ ಮಗು ಆ ಭಾಷೆಯ ಬಾಗಿಲಲ್ಲಾದರೂ ನಿಂತಿರುತ್ತದೆ. ಕಥೆಯೇ ಇಲ್ಲದ ಮಗುವಿಗೆ ವರ್ಣಮಾಲೆಯನ್ನು ಕಲಿಸಿದರೂ ಅದು ಓದಬೇಕೆಂದು ಬಯಸಲು ಕಾರಣ ದೊರೆಯದು.

ಆಕರಗಳು ದೂರದಲ್ಲಿಲ್ಲ. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳ ಸದಸ್ಯರ ಪಟ್ಟಿ, ವರದಿ, ಸ್ಮರಣಸಂಚಿಕೆಗಳು ಒಂದು ಬಗೆಯವು. ರಾತ್ರಿಶಾಲೆಗಳ ಹಾಜರಿ ಪುಸ್ತಕಗಳು ಉಳಿದಿರುವಲ್ಲಿ ಅವು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಓದಿದ ಹುಡುಗರ ಹೆಸರುಗಳನ್ನು ಕೊಡಬಲ್ಲವು. ಊರಿನ ಕಡೆ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿದಾರರು ಸಲ್ಲಿಸಿದ ನಮೂನೆ 7ರ ಅರ್ಜಿಗಳು ಯಾರು ಯಾವ ನೆಲವನ್ನು ಉಳುತ್ತಿದ್ದರೆಂಬುದಕ್ಕೆ ಸಾಕ್ಷಿ. ಮುಂಬಯಿಯ ದುಡಿಮೆಯನ್ನು ಊರಿಗೆ ಮುಟ್ಟಿಸಿದ ಮನಿಯಾರ್ಡರಿನ ತುಂಡುಕಾಗದಗಳು, ಅವುಗಳ ಮೇಲಿನ ಎರಡು ಸಾಲಿನ ಕ್ಷೇಮಸಮಾಚಾರ, ಯಾವ ಮಹಾಕಾವ್ಯಕ್ಕೂ ಕಡಿಮೆಯಿಲ್ಲದ ದಾಖಲೆಗಳು. ಹೊರನಾಡ ಕನ್ನಡಿಗರ ಅಧ್ಯಯನ ಇದುವರೆಗೆ ಸಂಘಸಂಸ್ಥೆ, ಪತ್ರಿಕೆ, ಸಾಹಿತಿಗಳ ಸುತ್ತ ಹೆಚ್ಚಾಗಿ ಬೆಳೆದಿದೆ. ಕುಟುಂಬವನ್ನೇ ಘಟಕವಾಗಿ ಹಿಡಿದ ಅಧ್ಯಯನ ಅದಕ್ಕೆ ಪೂರಕವಾಗಿ ಬರಬೇಕಾಗಿದೆ.

ಈ ಕಾರ್ಯದಲ್ಲಿ ಎರಡು ಅಪಾಯಗಳುಂಟು. ತಾಮ್ರಪಟದ ಕವಿಗಳ ಹಾದಿ ಹಿಡಿದು ಪ್ರತಿಯೊಂದು ಮನೆತನವೂ ಅರಸರನ್ನೋ ಋಷಿಗಳನ್ನೋ ಮೂಲಪುರುಷರನ್ನಾಗಿ ಮಾಡಿಕೊಳ್ಳುವ ಆಸೆ ಮೊದಲನೆಯದು. ಕುಟುಂಬದ ಚರಿತ್ರೆ ಜಾತಿಯ ಹೆಮ್ಮೆಯಾಗಿ, ಪಕ್ಕದ ಮನೆಯವನನ್ನು ಕೀಳಾಗಿ ಕಾಣಲು ಸಾಧನವಾಗಿ ಪರಿಣಮಿಸುವುದು ಇಲ್ಲಿಂದಲೇ. ತೊಳೆಯುವ ಬಟ್ಟಲಿನಿಂದ ಬದುಕನ್ನು ಆರಂಭಿಸಿದ ಅಜ್ಜನಿಗೆ ಸಿಂಹಾಸನದ ಆಸರೆ ಬೇಕಿಲ್ಲ. ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ಸಾಲ, ಜಗಳ, ಜಾತಿಯ ಅವಮಾನ, ಮುರಿದ ಮದುವೆ, ಊರುಬಿಡಿಸಿದ ಹಗೆ ಮುಂತಾದವನ್ನು ಹಿರಿಯರು ಮರೆಸಿಟ್ಟಿರುತ್ತಾರೆ. ಅವನ್ನು ಬಿಟ್ಟರೆ ಚರಿತ್ರೆ ಸುಳ್ಳಾಗುತ್ತದೆ. ಹೇಳಿಸಿಕೊಂಡು ಅಚ್ಚು ಹಾಕಿದರೆ ಬದುಕಿರುವವರು ನೋಯುತ್ತಾರೆ. ಆದುದರಿಂದ ಸಂಗ್ರಹಿಸುವುದು ಬೇರೆ, ಪ್ರಕಟಿಸುವುದು ಬೇರೆ ಎಂಬ ವಿವೇಕ ಅಗತ್ಯ. ಹೇಳಿದವರ ಒಪ್ಪಿಗೆಯಿಲ್ಲದೆ ಯಾವುದೂ ಮನೆಯ ಹೊರಗೆ ಬರಬಾರದು. ಬರೆದಿಟ್ಟದ್ದು ಮಾತ್ರ ಮೊಟಕಾಗಬಾರದು.

ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳು ಇದಕ್ಕಾಗಿ ದೊಡ್ಡ ಯೋಜನೆಗಳನ್ನು ಕಾಯಬೇಕಾಗಿಲ್ಲ. ಸ್ನಾತಕೋತ್ತರ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಕುಟುಂಬದ ಮೂರು ತಲೆಮಾರುಗಳ ಕಥನವನ್ನು ಹಿರಿಯರ ಬಾಯಿಂದಲೇ ಕೇಳಿ, ಧ್ವನಿಮುದ್ರಿಸಿ, ಅವರ ನುಡಿಯಲ್ಲೇ ಬರೆದು ಒಪ್ಪಿಸುವುದು ಸಾಧ್ಯ. ಹೆಂಗಸರ ಹೆಸರು, ತವರೂರುಗಳನ್ನು ಬಿಡದೆ ನಮೂದಿಸುವುದು ಅದರ ಮೊದಲ ನಿಯಮವಾಗಬೇಕು. ಕೇಳಿದ್ದನ್ನು ಕಾಗದದೊಡನೆ ಹೋಲಿಸಿ ನೋಡುವುದು, ಎರಡೂ ಹೊಂದದಿದ್ದಲ್ಲಿ ಎರಡನ್ನೂ ಬರೆದಿಡುವುದು ಎರಡನೆಯ ನಿಯಮ. ಉರ್ದು, ಮರಾಠಿ ವಿಭಾಗಗಳ ವಿದ್ಯಾರ್ಥಿಗಳ ನೆರವಿಲ್ಲದೆ ಮುಂಬ್ರಾದಂಥ ಊರಿನಲ್ಲಿ ಈ ಕೆಲಸ ಸಾಗದು. ಆ ನೆರವನ್ನು ಬೇಡುವುದರಲ್ಲಿ ಕನ್ನಡಕ್ಕೆ ಕುಂದೇನೂ ಇಲ್ಲ. ಜಿನವಲ್ಲಭನ ಬಂಡೆಯೂ ಮೂರು ಭಾಷೆಗಳಲ್ಲಿ ಮಾತನಾಡುತ್ತದೆ.

ಊರಿನ ಹಡಗನ್ನು ಕಂಡವರು, ಮುಂಬಯಿ ರಾಜ್ಯವನ್ನು ಕಂಡವರು ಇಂದು ಬಹಳ ಮಂದಿ ಉಳಿದಿಲ್ಲ. ಅವರು ಹೇಳಬೇಕಾದದ್ದನ್ನು ಕೇಳಲು ಯಾವ ಗಡುವಿನ ದಿನವೂ ಸರಕಾರದಿಂದ ಗೊತ್ತಾಗಿಲ್ಲ. ಗಡುವು ಅವರ ಆಯುಷ್ಯವೇ. ಸಿಂಧುತ್ವಕ್ಕಾಗಿ ತೆಗೆದ ವಂಶಾವಳಿಯ ಹಾಳೆಯನ್ನು ಕಚೇರಿಗೆ ಒಪ್ಪಿಸುವ ಮೊದಲು ಅದರ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಂಡು, ಗಂಡಸರ ಹೆಸರುಗಳ ಪಕ್ಕದಲ್ಲಿ ಹೆಂಗಸರ ಹೆಸರುಗಳನ್ನು ಬರೆಯುವುದರಿಂದ ಕೆಲಸವನ್ನು ಆರಂಭಿಸಬಹುದು. ಒಂದು ಹೆಸರಿಗೆ ಬಂದು ಲೇಖನಿ ನಿಂತರೆ, ಅಲ್ಲಿಂದಲೇ ಹಿರಿಯರನ್ನು ಕೇಳತೊಡಗಬೇಕು.